ಇಂಚರಾಗೆ ಒಂದು ಪದ ಸಿಕ್ಕಿತು

ಇಪ್ಪತ್ತೇಳರ ಇಂಚರಾ ನೋಯ್ಡಾದ ಕಂಪನಿಯೊಂದರಲ್ಲಿ ವಿನ್ಯಾಸಕಿ. ಕಾಲೇಜಿನಲ್ಲಿ ಅವಳಿಗೆ ಗಗನ್ ಮೇಲೆ ಮನಸ್ಸಾಗಿತ್ತು, ಆಮೇಲೆ ಫರ್ಹೀನ್ ಎಂಬ ಗೆಳತಿಯ ಮೇಲೆ. ಈಗ ಸಹೋದ್ಯೋಗಿ ಕಿರಣ್ ಮೇಲೆ. ಕಿರಣ್ ತಮ್ಮನ್ನು ಗಂಡೆಂದೂ ಹೆಣ್ಣೆಂದೂ ಕರೆದುಕೊಳ್ಳುವುದಿಲ್ಲ. ತನಗೇನೋ ಗೊಂದಲ ಅಂಟಿಕೊಂಡಿದೆ ಎಂದೇ ಇಂಚರಾ ವರ್ಷಗಟ್ಟಲೆ ನಂಬಿದ್ದಳು.

ಮೊನ್ನೆ ಶನಿವಾರ ಮೆಟ್ರೋದಲ್ಲಿ ಮೊಬೈಲ್ ನೋಡುತ್ತಿದ್ದಾಗ ‘ಪ್ಯಾನ್‌ಸೆಕ್ಷುವಲ್’ ಎಂಬ ಪದದ ವಿವರಣೆ ಕಣ್ಣಿಗೆ ಬಿತ್ತು. ಓದಿದಳು, ಮತ್ತೆ ಓದಿದಳು. ಇದು ನಾನೇ! ಅಷ್ಟರಲ್ಲಿ ತಾನು ಇಳಿಯಬೇಕಿದ್ದ ಮಯೂರ್ ವಿಹಾರ್ ದಾಟಿ ಅಕ್ಷರಧಾಮ ಬಂದಿತ್ತು. ನಗುತ್ತಲೇ ಇಳಿದು, ಎದುರಿನ ಗಾಡಿ ಹತ್ತಿ ವಾಪಸು ಬಂದು, ಮನೆಯವರೆಗೂ ಓಡಿದಳು.

ಅವಳನ್ನು ಸಾಕಿದ ಚಿಕ್ಕಮ್ಮ ವಾಸಂತಿ ಬಟಾಣಿ ಸುಲಿಯುತ್ತಾ ಕೂತಿದ್ದರು. ಇಂಚರಾ ಒಂದೇ ಉಸಿರಿಗೆ ಎಲ್ಲ ಹೇಳಿದಳು.

“ಅಂದ್ರೆ ಕಂಡೋರ ಮೇಲೆಲ್ಲಾ ಪ್ರೀತಿ ಹುಟ್ಟುತ್ತಾ?”

“ಅಯ್ಯೋ ಚಿಕ್ಕಮ್ಮ, ಹಾಗಲ್ಲ! ಮೆಚ್ಚೋದು ಎಲ್ಲೋ ಒಬ್ಬಿಬ್ಬರನ್ನೇ. ಆದ್ರೆ ಅವರು ಗಂಡೋ, ಹೆಣ್ಣೋ, ಎರಡೂ ಅಲ್ವೋ, ಅದು ನನಗೆ ಅಡ್ಡ ಬರಲ್ಲ. ಮನುಷ್ಯರು ಇಷ್ಟವಾಗಬೇಕು, ಅಷ್ಟೇ.”

ವಾಸಂತಿ ಬಟಾಣಿ ತಟ್ಟೆ ಬದಿಗಿಟ್ಟರು. “ನನಗೆ ಪೂರ್ತಿ ಅರ್ಥ ಆಗಿಲ್ಲ ಕಣೇ. ಆದ್ರೆ ನಿನ್ನ ಮುಖ ಇಷ್ಟು ಅರಳಿದ್ದು ನಾನು ನೋಡೇ ಇರ್ಲಿಲ್ಲ. ಆ ಕಿರಣ್‌ಗೆ ಹೇಳಿದ್ಯಾ?”

“ಇನ್ನೂ ಇಲ್ಲ.”

“ಚಲೋ, ಫೋನ್ ಮಾಡು!”

ಇಂಚರಾ ಬಾಲ್ಕನಿಗೆ ಹೋಗಿ, ತಡವರಿಸುತ್ತಾ, ಇಷ್ಟು ದಿನ ಬಾಯಿಗೆ ಬಾರದ ಪ್ರೀತಿಯ ಮಾತನ್ನು ಹೇಳಿಯೇಬಿಟ್ಟಳು. ಆ ಕಡೆ ಕಿರಣ್ ಜೋರಾಗಿ ನಕ್ಕರು.

“ನಾನೂ ಇದನ್ನೇ ಹೇಳೋಕೆ ಒಂದು ತಿಂಗಳಿಂದ ಒದ್ದಾಡ್ತಿದ್ದೆ. ಈಗಲೇ ಬರಲಾ?”