ಹಬೆಗೆ ಬಿಚ್ಚಿದ ಜಡೆ

ಕೊರೊನಾ ಮುಗಿದ ಮೇಲಿನ ಎರಡನೆಯ ವರ್ಷ. ರಾಯಚೂರಿನಲ್ಲಿ ನನ್ನ ಬ್ಯೂಟಿ ಪಾರ್ಲರ್ ಮತ್ತೆ ಚೇತರಿಸಿಕೊಂಡಿತ್ತು. ದೇವದುರ್ಗದಲ್ಲಿ ಹೆಣ್ಣುಮಕ್ಕಳಿಗೆ ಬ್ಯೂಟಿಷಿಯನ್ ತರಬೇತಿ ನಡೆಸುತ್ತಿದ್ದೇವೆ, ಕಲಿಸಲು ಬರುತ್ತೀರಾ ಎಂದು ಆಗ ಕರೆ ಬಂತು. ಅಂಗಡಿಯನ್ನು ತಂಗಿಗೆ ವಹಿಸಿ ಒಪ್ಪಿಕೊಂಡೆ. ಬೆಳಿಗ್ಗೆ ಬಸ್ಸು ಹತ್ತಿ, ಕಲ್ಮಲ ದಾಟಿ ದೇವದುರ್ಗ ಮುಟ್ಟುವಷ್ಟರಲ್ಲಿ ಕಿಟಕಿಯ ಗಾಳಿಗೆ ನನ್ನ ತಲೆ ಹತ್ತಿ ಬಿಡಿಸುವ ಜಿನ್ನಿಂಗ್ ಮಿಲ್ಲಿನಿಂದ ಎದ್ದು ಬಂದವರ ಹಾಗೆ ಕಾಣುತ್ತಿತ್ತು. ಕೂದಲಿನ ಆರೈಕೆ ಕಲಿಸುವ ಮೇಡಂ ಮೊದಲು ಬಾಗಿಲ ಹಿಂದೆ ನಿಂತು ತಲೆ ಬಾಚಿಕೊಂಡು ಒಳಗೆ ಬರುವುದು ನನ್ನ ವಿದ್ಯಾರ್ಥಿನಿಯರಿಗೆ ದಿನದ ತಮಾಷೆಯಾಗಿತ್ತು.

ಆ ದಿನದ ಪಾಠ ಹಬೆಯದು. ಒಣಗಿ ಒರಟಾದ ಕೂದಲಿಗೆ ಸುಮ್ಮನೆ ಕಂಡೀಷನರ್ ಸವರಿ ತೊಳೆದರೆ ಬಹುಪಾಲು ನೀರಿನ ಜೊತೆ ಹರಿದುಹೋಗುತ್ತದೆ. ಬೆಚ್ಚನೆಯ ಹಬೆ ತಾಗಿದಾಗ ಕೂದಲಿನ ಹೊರಪದರ ತುಸು ಸಡಿಲವಾಗಿ ಹಚ್ಚಿದ್ದು ಒಳಗಿಳಿಯುತ್ತದೆ. ಇದನ್ನೇ ನಾವು ಡೀಪ್ ಕಂಡೀಷನಿಂಗ್ ಎನ್ನುತ್ತೇವೆ. ರಾಯಚೂರಿನ ನನ್ನ ಅಂಗಡಿಯಲ್ಲಿ ಅದಕ್ಕೆ ಸ್ಟೀಮರ್ ಯಂತ್ರವಿದೆ. ಆದರೆ ಇಲ್ಲಿ ಕಲಿಯುತ್ತಿದ್ದವರಲ್ಲಿ ಯಾರ ಮನೆಯಲ್ಲೂ ಆ ಯಂತ್ರ ಇರಲಿಲ್ಲ, ಇದ್ದರೂ ಕರೆಂಟಿನ ಭರವಸೆ ಇರಲಿಲ್ಲ. ಹಾಗಾಗಿ ನಾನು ಇಡ್ಲಿ ಪಾತ್ರೆ ತಂದಿದ್ದೆ. ತೋಯ್ದು ಹಿಂಡಿದ ಟವೆಲ್ಲನ್ನು ಸುರುಳಿ ಸುತ್ತಿ ಇಡ್ಲಿ ತಟ್ಟೆಯ ಮೇಲಿಟ್ಟು ಹಬೆ ಬರಿಸುವುದು. ಇಕ್ಕಳದಿಂದ ಎತ್ತಿ, ಕೊಡವಿ, ಮಣಿಕಟ್ಟಿಗೆ ತಾಗಿಸಿ ನೋಡುವುದು. ಸುಡದು ಎಂದು ಖಾತ್ರಿಯಾದ ಮೇಲೆ ಕಂಡೀಷನರ್ ಹಚ್ಚಿದ ತಲೆಗೆ ಸುತ್ತುವುದು. ಕುದಿಯುವ ಪಾತ್ರೆಯ ಮೇಲೆ ಮಾತ್ರ ತಲೆ ಬಗ್ಗಿಸಲೇಬಾರದು ಎಂದು ಹೇಳಿ ಹೇಳಿ ನನ್ನ ಬಾಯಿ ಒಣಗಿತ್ತು.

ಪ್ರಯೋಗಕ್ಕೆ ಒಂದು ತಲೆ ಬೇಕಿತ್ತು. ಹಿಂದಿನ ಸಾಲಿನಲ್ಲಿ ಹನುಮಂತಿ ಕೂತಿದ್ದಳು. ಪಿಯುಸಿ ಮುಗಿಸಿದ ಹುಡುಗಿ, ಕೈ ಚುರುಕು, ಹುಬ್ಬಿಗೆ ದಾರ ಹಿಡಿದರೆ ಎದುರು ಕೂತವರಿಗೆ ನೋವೇ ಗೊತ್ತಾಗುತ್ತಿರಲಿಲ್ಲ. ಆದರೆ ತಲೆಗೆ ಬಿಗಿದ ವೇಲನ್ನು ಅವಳು ಒಂದು ದಿನವೂ ತೆಗೆದವಳಲ್ಲ.

“ಬಾ ಹನುಮಂತಿ, ಇವತ್ತ ನಿನ್ನ ತಲಿ ಮ್ಯಾಲ ಮಾಡಿ ತೋರಸ್ತೀನಿ,” ಎಂದೆ.

ಅವಳ ಮುಖ ಬಿಳಿಚಿಕೊಂಡಿತು. “ನಾ ಒಲ್ಲೆರೀ ಮೇಡಂ.”

ಪಕ್ಕದಲ್ಲಿದ್ದ ಅವಳ ಗೆಳತಿ ಪರ್ವೀನ್ ತಟ್ಟನೆ ಎದ್ದು ಬಂದಳು. “ನನ್ನ ತಲಿ ತಗೋರಿ ಮೇಡಂ. ಒಳಗ ಖಾಲಿನಾ ಅದ, ಹಬಿ ಸಲೀಸಾಗಿ ಆಡತದ.”

ಎಲ್ಲರೂ ನಕ್ಕರು. ಪಾಠ ಮುಂದುವರಿಯಿತು. ತರಗತಿ ಬಿಟ್ಟ ಮೇಲೆ ಹನುಮಂತಿ ಹೋಗದೆ ಉಳಿದಳು. ಬಾಗಿಲು ಮುಂದೆ ಮಾಡಿ ವೇಲ್ ಬಿಚ್ಚಿದಳು.

ಬೆನ್ನ ಮೇಲೆ ಇಳಿಯಬೇಕಾದ ಕೂದಲೆಲ್ಲ ಕತ್ತಿನ ಹಿಂದೆ ಒಂದೇ ಮುದ್ದೆಯಾಗಿ ಕಂಬಳಿಯ ತುಂಡಿನಂತೆ ಗಟ್ಟಿಯಾಗಿತ್ತು. ಹಿಂದಿನ ವರ್ಷ ಟೈಫಾಯ್ಡ್ ಬಂದು ಅವಳು ಬಹಳ ದಿನ ಹಾಸಿಗೆ ಹಿಡಿದಿದ್ದಳಂತೆ. ಬೆವರು, ದಿಂಬಿನ ಉಜ್ಜಾಟ, ಬಾಚಣಿಗೆ ಕಾಣದ ತಲೆ. ಕೂದಲು ಗಂಟುಗಟ್ಟುವುದಕ್ಕೆ ಇದಕ್ಕಿಂತ ಹೆಚ್ಚಿನ ಕಾರಣ ಬೇಡ. ನಮ್ಮ ವೃತ್ತಿಯಲ್ಲಿ ಇದನ್ನು ಮ್ಯಾಟಿಂಗ್ ಎನ್ನುತ್ತೇವೆ. ನಮ್ಮ ಭಾಗದ ಹಿರಿಯರು ಜಡೆ ಎನ್ನುತ್ತಾರೆ. ಹೆಣೆದ ಜಡೆಯಲ್ಲ, ದೇವಿಯೇ ತಲೆಗೆ ಬಂದು ಕೂತ ಗುರುತು. ಹಿಂದೆ ಹಾಗೆ ಜಡೆ ಬಂದ ಹುಡುಗಿಯರನ್ನು ದೇವರಿಗೆ ಬಿಡುತ್ತಿದ್ದರು. ಆ ಕಾಲ ಹೋಯಿತು, ಭಯ ಇನ್ನೂ ಪೂರ್ತಿ ಹೋಗಿಲ್ಲ.

“ಡಾಕ್ಟ್ರು ಕತ್ತರಿಸಿಬಿಡು ಅಂದ್ರು. ಯವ್ವ ಮುಟ್ಟಬ್ಯಾಡ ಅಂತಾಳ,” ಎಂದಳು ಹನುಮಂತಿ. ಯವ್ವ ಎಂದರೆ ಅವಳ ಅಜ್ಜಿ. “ನನ್ನ ತಲೀನ ಮುಚಿಗೊಂಡು ನಾ ಮಂದಿ ತಲಿ ಹ್ಯಾಂಗ ಬಾಚಲ್ರೀ ಮೇಡಂ?”

ಮರುದಿನ ಸಂಜೆ ಅವಳ ಮನೆಗೆ ಹೋದೆ. ತಂದೆ ತಾಯಿ ಕೂಲಿಗೆ ಹೋಗಿ ಇನ್ನೂ ಬಂದಿರಲಿಲ್ಲ. ಆ ಮನೆಯಲ್ಲಿ ಮಾತು ನಡೆಯುತ್ತಿದ್ದುದು ಅಜ್ಜಿ ಹುಸೇನಮ್ಮನದು. ಮೊಹರಂ ದೇವರ ಹೆಸರನ್ನು ನಮ್ಮ ಕಡೆ ಹಿಂದೂಗಳೂ ಇಡುತ್ತಾರೆ. ಎತ್ತರದ ಆಳು, ಹಣೆಯ ತುಂಬ ಕುಂಕುಮ, ಗಟ್ಟಿ ದನಿ.

“ಬರ್ರಿ, ಕುಂದರ್ರಿ. ಚಾ ಕುಡೀರಿ. ಆದ್ರ ಹುಡುಗಿ ತಲಿ ಮಾತು ತೆಗೀಬ್ಯಾಡ್ರಿ,” ಎಂದರು ನಾನು ಕೂರುವ ಮೊದಲೇ.

ಚಹಾ ಕುಡಿಯುತ್ತಾ ನಾನು ಆ ಮಾತು ತೆಗೆಯಲಿಲ್ಲ. ಬೇರೆ ಏನೇನೋ ಮಾತಾಡಿದೆವು. ಎದ್ದು ನಿಂತಾಗ ಒಂದೇ ಕೇಳಿದೆ: “ಯವ್ವಾ, ನಿಮಗ ಯಾತರ ಅಂಜಿಕಿ?”

ಅವರು ನನ್ನನ್ನು ಮತ್ತೆ ಕೂರಿಸಿ ಹೇಳಿದರು. ಅವರಿಗೊಬ್ಬ ತಂಗಿ ಇದ್ದಳು. ಆಕೆಗೂ ಜಡೆ ಬಂದಿತ್ತು. ಅಣ್ಣ ಸಿಟ್ಟಿನಲ್ಲಿ ಅವಳನ್ನು ಹಿಡಿದು ಕೂರಿಸಿ ಕತ್ತರಿಯಿಂದ ಕತ್ತರಿಸಿ ಹಾಕಿದ. ಆ ವರ್ಷವೇ ತಂಗಿ ಜ್ವರ ಬಂದು ತೀರಿಕೊಂಡಳು. “ಜಡಿಗೂ ಜರಕ್ಕೂ ಸಂಬಂಧಿಲ್ಲ ಅಂತ ನೀವು ಅಂತೀರಿ. ಹಂಗಾ ಇದ್ರೂ ಇರಬೌದು. ನಾ ಇನ್ನೊಮ್ಮಿ ಪರೀಕ್ಷಾ ಮಾಡಲ್ಲ.”

ವಾದ ಮಾಡಲು ನನಗೆ ಮನಸ್ಸಾಗಲಿಲ್ಲ. ಆಕೆ ಹಟ ಮಾಡುತ್ತಿರಲಿಲ್ಲ, ಮೊಮ್ಮಗಳನ್ನು ಕಾಯುತ್ತಿದ್ದರು.

“ಕತ್ತರಿ ನಾ ತರಂಗಿಲ್ಲ ಯವ್ವಾ,” ಎಂದೆ. “ಹಬಿ ಕೊಡ್ತೀನಿ, ಎಣ್ಣಿ ಹಚ್ತೀನಿ, ಬೆರಳಿಂದ ಬಿಡಿಸ್ತೀನಿ. ಅಷ್ಟಾ.”

“ಬಿಡಲಿಲ್ಲಂದ್ರ?”

“ಹಂಗಾ ಇರಲಿ.”

ಹುಸೇನಮ್ಮ ಮೊಮ್ಮಗಳನ್ನು ನೋಡಿದರು, ನನ್ನನ್ನು ನೋಡಿದರು. “ಕತ್ತರಿ ಮುಟ್ಟಿಸದ ಬಿಚ್ಚಿತಂದ್ರ ದೇವಿ ತಾನಾ ಬಿಟ್ಟು ಹೋದ್ಲು ಅಂತ ತಿಳಕೋತೀನಿ. ಬಿಚ್ಚಲಿಲ್ಲಂದ್ರ ಮತ್ತ ಯಾರೂ ಈಕಿ ತಲಿ ಮಾತು ಎತ್ತಬಾರದು. ಒಪ್ಪಿಗಿ ಅದ?”

ಒಪ್ಪಿದೆ. ರಾಯಚೂರಿಗೆ ಮರಳುವ ಬಸ್ಸಿನಲ್ಲಿ ಕೂತ ಮೇಲೆ ನನ್ನ ಮಾತಿನ ಭಾರ ತಿಳಿಯಿತು. ನಾನು ಸೋತರೆ ಅದು ಜಡೆಯೇ ಎಂದು ನಾನೇ ಮುದ್ರೆ ಒತ್ತಿದಂತೆ. ಹುಡುಗಿ ಜೀವನಪೂರ್ತಿ ಅದನ್ನು ಹೊರಬೇಕು. ಅಷ್ಟು ಗಟ್ಟಿಯಾದ ಗಂಟನ್ನು ಕತ್ತರಿಯಿಲ್ಲದೆ ಬಿಡಿಸಿದ ಅನುಭವ ನನಗೂ ಇರಲಿಲ್ಲ.

ಭಾನುವಾರಗಳಂದು ಅವರ ಮನೆಯಲ್ಲೇ ಕೆಲಸ ಎಂದು ನಿಗದಿಯಾಯಿತು. ಸಹಾಯಕ್ಕೆ ಪರ್ವೀನ್ ಬಂದಳು. ಮೊದಲು ನೆತ್ತಿಯನ್ನು ಬೆಳಕಿನಲ್ಲಿ ಹುಡುಕಿ ನೋಡಿದೆ. ಗಾಯವಿದ್ದಿದ್ದರೆ ಹಬೆ ಕೊಡದೆ ಮೊದಲು ವೈದ್ಯರ ಬಳಿ ಕಳಿಸುತ್ತಿದ್ದೆ. ಗಾಯವಿರಲಿಲ್ಲ. ಬುಡದಲ್ಲಿ ಎರಡು ಬೆರಳಷ್ಟು ಹೊಸ ಕೂದಲು ಸಡಿಲವಾಗಿ ಬೆಳೆದಿತ್ತು. ಅದು ಒಳ್ಳೆಯ ಲಕ್ಷಣ. ಇಂಥ ಕೂದಲಿಗೆ ಬೇಕಾದದ್ದು ಜಾರುವ ಗುಣ. ಕಂಡೀಷನರ್ ಒಂದೇ ಸಾಲದು ಎನಿಸಿ ಅಗಸೆ ಬೀಜವನ್ನು ನೀರಿನಲ್ಲಿ ಕುದಿಸಿ ಬಟ್ಟೆಯಲ್ಲಿ ಸೋಸಿದೆ. ಮೊಟ್ಟೆಯ ಬಿಳಿಯಂಥ ಲೋಳೆ ಇಳಿಯಿತು. ಅದಕ್ಕೆ ಕೊಬ್ಬರಿ ಎಣ್ಣೆ, ಕಂಡೀಷನರ್ ಕೂಡಿಸಿ ಗಂಟಿನೊಳಗೆ ಬೆರಳಿನಿಂದ ಒತ್ತಿ ಒತ್ತಿ ತುಂಬಿದೆ. ಒಲೆಯ ಮೇಲೆ ಇಡ್ಲಿ ಪಾತ್ರೆ ಏರಿತು.

ಹುಸೇನಮ್ಮ ಕಂಬಕ್ಕೆ ಒರಗಿ ಎಲ್ಲ ನೋಡುತ್ತಿದ್ದರು. “ಅಗಸಿ ಕುದಿಸಿದ್ರಿ, ಇಡ್ಲಿ ಪಾತ್ರಿ ಇಟ್ರಿ. ನಾಷ್ಟಾ ಯಾವಾಗ ಆಗತದವ್ವಾ?”

“ತಲಿ ಬೆಂದ ಮ್ಯಾಲ, ಯವ್ವಾ,” ಎಂದಳು ಪರ್ವೀನ್. ಟವೆಲ್ಲಿನ ಒಳಗಿಂದ ಹನುಮಂತಿ ನಗುತ್ತಿದ್ದುದು ಭುಜದ ಕುಲುಕಾಟದಿಂದ ಗೊತ್ತಾಗುತ್ತಿತ್ತು.

ಮೊದಲ ಭಾನುವಾರ ಅಗಲ ಹಲ್ಲಿನ ಬಾಚಣಿಗೆಯ ತುದಿ ಕೂಡ ಒಳಗೆ ಹೋಗಲಿಲ್ಲ. ಟವೆಲ್ ಆರಿದ ಹಾಗೆ ಬದಲಿಸಿ ಬದಲಿಸಿ ಸುತ್ತಿದೆವು. ಎರಡನೆಯ ಭಾನುವಾರ ಮುದ್ದೆಯ ತುದಿ ಮೆತ್ತಗಾಯಿತು. ಬುಡದಲ್ಲಿ ಕೂದಲನ್ನು ಎಡಗೈಯಿಂದ ಹಿಡಿದು, ನೋವಾಗದಂತೆ ಕೆಳಗಿನಿಂದ ಒಂದೊಂದೇ ಎಳೆ ಸಡಿಲಿಸಿದೆ. ಒಂದು ಗೇಣು ಕೂದಲು ಬಿಡಿಬಿಡಿಯಾಗಿ ಕೈಗೆ ಬಂದಾಗ ಪರ್ವೀನ್ ಕುಣಿದೇಬಿಟ್ಟಳು. ನಾನು ಆ ದಿನ ಬಸ್ಸಿನಲ್ಲಿ ಹಾಡು ಗುನುಗುತ್ತ ಊರಿಗೆ ಹೋದೆ.

ಮುಂದಿನ ಭಾನುವಾರ ವೇಲ್ ಬಿಚ್ಚಿ ನೋಡಿದರೆ ಗಂಟು ಮತ್ತೆ ಕಲ್ಲಾಗಿತ್ತು. ಬೆರಳು ಆಡಿಸಿದರೆ ಒಳಗಿನಿಂದ ಹಳದಿ ಪುಡಿ ಉದುರಿತು. ನಾನು ಹನುಮಂತಿಯ ಮುಖ ನೋಡಿದೆ. ಅವಳು ನೆಲ ನೋಡಿದಳು.

“ನಾನಾ ಹಚ್ಚೀನಿ,” ಎಂದರು ಹುಸೇನಮ್ಮ. “ಮಂಗಳವಾರ, ಶುಕ್ಕುರವಾರ ಭಂಡಾರ ಹಚ್ತೀನಿ. ಮೊದಲಿಂದ ಹಚ್ಚಿಕೊಂತ ಬಂದೀನಿ. ನಡುವ ಎರಡು ವಾರ ಅಷ್ಟಾ ಬಿಟ್ಟಿದ್ದೆ. ನೀವು ಕತ್ತರಿ ಬ್ಯಾಡ ಅಂದ್ರಿ, ಭಂಡಾರ ಬ್ಯಾಡ ಅನ್ನಲಿಲ್ಲ.”

ಭಂಡಾರ ಎಂದರೆ ದೇವಿಯ ಅರಿಶಿನ. ಅದು ಎಣ್ಣೆಯೊಂದಿಗೆ ಕೂಡಿ, ಅವರ ಬೋರಿನ ಸವಳು ನೀರು ಬಿದ್ದು ಗಾರೆಯ ಹಾಗೆ ಗಟ್ಟಿಯಾಗುತ್ತಿತ್ತು. ಆಕೆ ಹೇಳಿದ್ದು ನ್ಯಾಯವಾಗಿತ್ತು, ನಾನು ಕೇಳಿರಲಿಲ್ಲ. ಈಗ ಬೇಡವೆಂದರೆ ಒಪ್ಪಂದವೇ ಮುರಿಯಬಹುದು. ಅಷ್ಟರಲ್ಲಿ ಹನುಮಂತಿ ತಿರುಗಿ ಅಜ್ಜಿಯ ಕೈ ಹಿಡಿದಳು. ಅಲ್ಲಿಯವರೆಗೆ ಅಜ್ಜಿಯ ಎದುರು ಅವಳು ಆ ವಿಷಯದಲ್ಲಿ ಬಾಯಿ ಬಿಟ್ಟಿದ್ದನ್ನು ನಾನು ಕಂಡಿರಲಿಲ್ಲ.

“ಯವ್ವಾ, ದೇವಿ ನನ್ನ ತಲ್ಯಾಗ ಅದಾಳೋ ಇಲ್ಲೋ ನನಗ ತಿಳಿದಿಲ್ಲ. ನೀ ಮಾತ್ರ ಅದೀ. ಜರ ಬಂದಾಗ ನನ್ನ ಬಾಜೂಕ ನೀನಾ ಕುಂತಿದ್ದಿ. ಭಂಡಾರ ಹಣಿಗೆ ಹಚ್ಚು. ದಿನಾ ಹಚ್ಚು, ನಾ ಒಲ್ಲೆ ಅನ್ನಂಗಿಲ್ಲ. ತಲಿ ಅಷ್ಟು ನನಗ ಬಿಟ್ಟುಕೊಡು.”

ಹುಸೇನಮ್ಮ ಒಳಗೆ ಹೋಗಿ ಭಂಡಾರದ ಬಟ್ಟಲು ತಂದರು. ಮೊಮ್ಮಗಳ ಹಣೆಯ ತುಂಬ ಹಚ್ಚಿದರು. ಪರ್ವೀನ್ ಕಡೆ ತಿರುಗಿ, “ಪಾತ್ರಿಗೆ ನೀರು ಹಾಕು, ಬೇ. ಒಲಿ ಸುಮ್ನ ಉರಿಯಾಕತ್ತದ,” ಎಂದರು.

ಅಂದಿನಿಂದ ತಲೆ ತೊಳೆಯಲು ನಲ್ಲಿಯ ಸಿಹಿನೀರನ್ನು ಬೇರೆ ಕೊಡದಲ್ಲಿ ಹಿಡಿದಿಡುವ ಕೆಲಸವನ್ನು ಹುಸೇನಮ್ಮನೇ ವಹಿಸಿಕೊಂಡರು. ವಾರದಿಂದ ವಾರಕ್ಕೆ ಗಂಟು ಮೇಲಕ್ಕೆ ಕರಗುತ್ತ ಹೋಯಿತು. ಸುದ್ದಿ ಕೇಳಿ ಓಣಿಯ ಹೆಂಗಸರು ಬಂದು ಕೂರತೊಡಗಿದರು. ಒಬ್ಬಾಕೆ ಟವೆಲ್ ಹಿಂಡಿದರೆ ಇನ್ನೊಬ್ಬಾಕೆ ಸೇಂಗಾ ಹುರಿದು ತರುತ್ತಿದ್ದಳು. ನನ್ನ ಪಾರ್ಲರಿನಲ್ಲಿ ಎಂದೂ ಅಷ್ಟು ನಗು ಕೇಳಿರಲಿಲ್ಲ.

ಕೊನೆಗೆ ಕತ್ತಿನ ಹತ್ತಿರ ಹುಣಸೆ ಬೀಜದಷ್ಟು ಒಂದು ಗಂಟು ಉಳಿಯಿತು. ಎಲ್ಲ ಕೂದಲಿನ ಹಟವೂ ಅಲ್ಲೇ ಸೇರಿಕೊಂಡಂತಿತ್ತು. ಹಬೆ ಕೊಟ್ಟೆ, ಲೋಳೆ ಹಚ್ಚಿದೆ, ಬಾಚಣಿಗೆಯ ಚೂಪು ಬಾಲದಿಂದ ಕೆದಕಿದೆ. ಬಗ್ಗಲಿಲ್ಲ. ನನ್ನ ಬೆರಳ ತುದಿಗಳು ನೆನೆದು ಸುಕ್ಕಾಗಿದ್ದವು. ಹುಸೇನಮ್ಮ ನೀರು ತರಲು ಹೊರಗೆ ಹೋದಾಗ ಹನುಮಂತಿ ಪಿಸುಗುಟ್ಟಿದಳು: “ಮೇಡಂ, ಯವ್ವ ಹೊರಗದಾಳ. ಕತ್ತರಿಸಿಬಿಡ್ರಿ. ಇಷ್ಟಕ್ಕ ಏನಾಗತದ?”

ಪರ್ವೀನಳ ಕಿಟ್‌ನಲ್ಲಿ ಕತ್ತರಿ ಇತ್ತು. ಒಂದೇ ಸಲ ಕಚಕ್ ಅಂದರೆ ಮುಗಿಯುತ್ತಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ನನಗೆ ಆಸೆಯಾಗಲಿಲ್ಲ ಎಂದು ಹೇಳಲಾರೆ. ಆದರೆ ನಾಳೆ ಹುಡುಗಿಗೆ ನೆಗಡಿ ಬಂದರೂ ಅಜ್ಜಿಯ ಕಣ್ಣು ತಪ್ಪಿಸಿ ಮಾಡಿದ ಆ ಕೆಲಸ ಹನುಮಂತಿಯ ಎದೆಯಲ್ಲೇ ಅಂಜಿಕೆಯಾಗಿ ಕೂರುತ್ತಿತ್ತು. “ಮಾತು ಕೊಟ್ಟೀನಿ,” ಎಂದು ಅಷ್ಟೇ ಹೇಳಿದೆ. ಹುಸೇನಮ್ಮ ಬಂದಾಗ, ನನ್ನ ಕೈ ಸೋತಿತು ಎಂದು ಇದ್ದದ್ದು ಇದ್ದ ಹಾಗೆ ತಿಳಿಸಿದೆ.

ಆಕೆ ಕೊಡ ಇಳಿಸಿದರು. ಸೆರಗಿಗೆ ಕೈ ಒರೆಸಿಕೊಂಡು ಮೊಮ್ಮಗಳ ಹಿಂದೆ ಚಕ್ಕಳಮಕ್ಕಳ ಹಾಕಿ ಕೂತರು. “ಆ ಕಡಿ ಸರೀರಿ. ಹತ್ತಿ ಬಿಡಿಸಿದ ಕೈ ಇದು.”

ಹೊಸ ಬಿಸಿ ಟವೆಲ್ ಹಿಡಿದು ನಾನು ಗಂಟನ್ನು ಬೆಚ್ಚಗಿಟ್ಟೆ. ಆಕೆ ಹೆಬ್ಬೆರಳು ತೋರುಬೆರಳಿನ ನಡುವೆ ಅದನ್ನು ಉಜ್ಜುತ್ತ ಹೋದರು. ಜಗ್ಗಲಿಲ್ಲ, ಅವಸರ ಮಾಡಲಿಲ್ಲ. ಕಾಯಿಯಿಂದ ಹತ್ತಿ ಎಳೆಯುವ ಹಾಗೆ ಒಂದು ಎಳೆ ಬಂತು. ಇನ್ನೊಂದು ಬಂತು. ನಲ್ಲಿಯಿಂದ ಅವರ ಹಿಂದೆಯೇ ಬಂದಿದ್ದ ಓಣಿಯ ಹೆಂಗಸರು ಹತ್ತಿರ ಸರಿದು ಕೂತರು. ಆಮೇಲೆ ಇಡೀ ಗಂಟು ಸದ್ದಿಲ್ಲದೆ ಆಕೆಯ ಬೆರಳುಗಳ ನಡುವೆ ಸಡಿಲವಾಗಿ ಬಿಚ್ಚಿಕೊಂಡಿತು.

ಹುಸೇನಮ್ಮ ಬಾಚಣಿಗೆ ಇಸಿದುಕೊಂಡು ನೆತ್ತಿಯಿಂದ ತುದಿಯವರೆಗೆ ಒಮ್ಮೆ ಎಳೆದರು. ಎಲ್ಲೂ ತಡೆಯಲಿಲ್ಲ. ಬಹಳಷ್ಟು ಕೂದಲು ಉದುರಿತ್ತು, ಉಳಿದದ್ದು ತೆಳುವಾಗಿತ್ತು, ಆದರೆ ಸೊಂಟದವರೆಗೆ ಬಂತು. “ಹೋದ್ಲವ್ವಾ,” ಎಂದರು ಆಕೆ. “ಸಿಟ್ಟಿಲ್ಲದ ಹೋದ್ಲು.” ಅವರ ಕಣ್ಣಲ್ಲಿ ನೀರು ಬಂದಿತ್ತು, ಮುಖ ಮಾತ್ರ ನಗುತ್ತಿತ್ತು. ಹನುಮಂತಿ ತಲೆಯನ್ನು ಆ ಕಡೆ ಈ ಕಡೆ ಆಡಿಸಿ ಆಡಿಸಿ ಬೆನ್ನ ಮೇಲೆ ಕೂದಲು ಸರಿದಾಡುವುದನ್ನು ಅನುಭವಿಸುತ್ತಿದ್ದಳು. ನಾವೆಲ್ಲ ಒಟ್ಟಿಗೇ ಅಳುತ್ತಾ ನಗುತ್ತಾ ಇದ್ದಾಗ ಹುಸೇನಮ್ಮ ತಮ್ಮ ತುರುಬು ಬಿಚ್ಚಿ ನನ್ನ ಮುಂದೆ ಬಂದು ಕೂತರು.

“ಪಾತ್ರಿ ಬಿಸಿ ಅದ ಅಲ್ಲ? ನನಗೂ ಒಂದು ಸುತ್ರಿ. ನಾನೂ ನೋಡ್ತೀನಿ ಅದ್ಯಾನು ಸುಖ ಅದ ಅಂತ.”

ತರಬೇತಿ ಮುಗಿಸಿ ಹನುಮಂತಿ ಮಾನ್ವಿಯಲ್ಲಿ ಒಂದು ಪಾರ್ಲರಿಗೆ ಕೆಲಸಕ್ಕೆ ಸೇರಿದಳು. ಕಳೆದ ವರ್ಷ ಆ ಕಡೆ ಹೋದಾಗ ಹೇಳದೆ ಒಳಗೆ ಹೊಕ್ಕೆ. ಹಿರೇಕೊಟ್ನೆಕಲ್‌ನಿಂದ ಬಂದ ಒಬ್ಬ ತಾಯಿ ತನ್ನ ಪುಟ್ಟ ಮಗಳನ್ನು ಕುರ್ಚಿಯಲ್ಲಿ ಒತ್ತಿ ಹಿಡಿದಿದ್ದಳು; ಮಗು ಬಾಚಣಿಗೆ ಕಂಡರೆ ಚೀರುತ್ತಿತ್ತು. ಹನುಮಂತಿ ಬೆನ್ನು ನನ್ನ ಕಡೆ ಮಾಡಿ ನಿಂತಿದ್ದರಿಂದ ನಾನು ಬಂದದ್ದು ಅವಳಿಗೆ ತಿಳಿಯಲಿಲ್ಲ. ಅವಳು ಬಾಚಣಿಗೆ ಕೆಳಗಿಟ್ಟು, ಮಗುವಿನ ಎದುರು ಮೊಣಕಾಲೂರಿ ಕೇಳಿದಳು: “ಯಾರವ್ವಾ ನಿನ್ನ ಕೂದಲಾ ಜಗ್ಗಿದವ್ರು?”

ಮಗು ಅಳು ನಿಲ್ಲಿಸಿ ತಾಯಿಯ ಕಡೆ ಬೆರಳು ತೋರಿಸಿತು. ತಾಯಿಗೂ ನಗು ಬಂತು.

ಹಬೆ ಎಷ್ಟು ಹೊತ್ತು ಕೊಡಬೇಕು, ಯಾವ ಕೂದಲಿಗೆ ಯಾವುದನ್ನು ಹಚ್ಚಬೇಕು ಎಂಬುದನ್ನು ನಾನು ಯಾರಿಗಾದರೂ ಕಲಿಸಬಲ್ಲೆ. ತಲೆ ಮುಟ್ಟುವ ಮೊದಲು ಆ ತಲೆಯವರ ಅಂಜಿಕೆ ಏನೆಂದು ಕೇಳಬೇಕು, ಕೇಳಿದ ಮೇಲೆ ಕಾಯಬೇಕು ಎಂಬುದನ್ನು ನನಗೆ ದೇವದುರ್ಗದ ಆ ಮನೆ ಕಲಿಸಿತು. ಈಗ ಹೊಸ ತಂಡಕ್ಕೆ ಮೊದಲ ದಿನದ ಪಾಠ ಅದೇ. ಆ ದಿನ ನಾನು ಯಾರ ಕೈಗೂ ಬಾಚಣಿಗೆ ಕೊಡುವುದಿಲ್ಲ.