ತಂಗಿಗೆ ನಾನು ಓದಿ ಹೇಳಿದ ಕಾಗದ

ನಮ್ಮ ಮನೆಯಲ್ಲಿ ಓದು ಬರುತ್ತಿದ್ದುದು ನನಗೊಬ್ಬನಿಗೇ, ಅದೂ ನಾಲ್ಕನೇ ತರಗತಿಯವರೆಗೆ. ಆ ಓದನ್ನು ನಾನು ಯಾವುದಕ್ಕೆ ಬಳಸಿಕೊಂಡೆ ಎಂಬುದನ್ನು ಐವತ್ತು ವರ್ಷ ಕಳೆದರೂ ಯಾರಿಗೂ ಹೇಳಿಲ್ಲ, ಹೆಂಡತಿಗೂ ಹೇಳಿಲ್ಲ.

ತಂಗಿಗೆ ಆಗ ಹತ್ತೊಂಬತ್ತು. ನಮ್ಮದು ಮಧುರೆ ಹೋಬಳಿಯ ಹಳ್ಳಿ, ಮನೆಯಲ್ಲಿ ರೇಷ್ಮೆಹುಳು ಸಾಕುತ್ತಿದ್ದೆವು. ಸೊಪ್ಪಿನ ಕುಕ್ಕೆ ಹೊತ್ತು ಬಂದರೆ ಅವಳಿಗೆ ತಲೆ ಸಿಡಿಯುತ್ತಿತ್ತು. ಒಂದೆರಡು ಸಲ ಮೂಗಿನಲ್ಲಿ ರಕ್ತವೂ ಬಂತು. ದೊಡ್ಡಬಳ್ಳಾಪುರದ ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ ಒತ್ತಡ ನೋಡಿದರು, ನಂಬದೆ ಇನ್ನೊಂದು ತೋಳಿಗೂ ಸುತ್ತಿದರು, ಆಮೇಲೆ ಬೆಂಗಳೂರಿಗೆ ಕಳಿಸಿದರು. ಅಲ್ಲಿ ತೊಡೆಯ ಹತ್ತಿರ ರಕ್ತನಾಳಕ್ಕೆ ಸೂಜಿ ಚುಚ್ಚಿ ಔಷಧಿ ಬಿಟ್ಟು ಎಕ್ಸ್‌ರೇ ತೆಗೆದರು.

“ಕಿಡ್ನಿಗೆ ರಕ್ತ ಹೋಗೋ ನಾಳ ಮಣಿಸರದ ಥರ ಅಲ್ಲಲ್ಲಿ ಕಿರಿದಾಗಿದೆ. ತನಗೆ ರಕ್ತ ಸಾಲ್ತಿಲ್ಲ ಅಂತ ಅದು ಮೈಗೆಲ್ಲ ಒತ್ತಡ ಏರಿಸ್ತಿದೆ. ಅಪರೂಪದ ಕಾಯಿಲೆ. ಆಪರೇಷನ್ ಮಾಡಿದ್ರೆ ಸರಿಹೋಗಬಹುದು,” ಎಂದರು ಅಲ್ಲಿನ ದೊಡ್ಡ ಡಾಕ್ಟರು. ಹಾಸಿಗೆ ಖಾಲಿಯಾದಾಗ ಕಾಗದ ಬರೆಯುತ್ತೇವೆ, ಅಲ್ಲಿಯವರೆಗೆ ಮಾತ್ರೆ ನಿಲ್ಲಿಸಬೇಡಿ, ಉಪ್ಪು ಕೊಡಬೇಡಿ ಎಂದರು.

ಅವ್ವ ಪುಟ್ಟ ಮಡಕೆಯಲ್ಲಿ ಅವಳಿಗೆಂದೇ ಸಪ್ಪೆ ಸಾರು ಮಾಡತೊಡಗಿದಳು. “ಇನ್ನೊಂದು ತಿಂಗ್ಳು ಇದನ್ನೇ ಉಂಡ್ರೆ ನನ್ನೂ ಕೊಟ್ಟಿಗೇಲೇ ಕಟ್ಟಾಕ್ಬಿಡಣ್ಣ,” ಎಂದು ತಂಗಿ ನಗಿಸುತ್ತಿದ್ದಳು.

ಅದೇ ಹೊತ್ತಿಗೆ ಕೊಟ್ಟು ತರುವ ಸಂಬಂಧ ಕೂಡಿತು. ಜಡಿಗೇನಹಳ್ಳಿ ಕಡೆಯ ಮನೆಗೆ ತಂಗಿಯನ್ನು ಕೊಡುವುದು, ಆ ಹುಡುಗನ ತಂಗಿಯನ್ನು ನನಗೆ ತರುವುದು. ಒಂದು ಮದುವೆ ಮುರಿದರೆ ಇನ್ನೊಂದೂ ಮುರಿದಂತೆಯೇ. ಹೊಟ್ಟೆ ಕೊಯ್ಯಿಸಿಕೊಂಡ ಹುಡುಗಿಯನ್ನು ಅವರು ಒಪ್ಪುತ್ತಿರಲಿಲ್ಲ. ನಾನಾಗಲೇ ಆ ಮನೆಯ ಹುಡುಗಿಯನ್ನು ನೋಡಿಬಂದಿದ್ದೆ, ಮನಸ್ಸು ಅಲ್ಲೇ ಉಳಿದಿತ್ತು.

ಅವ್ವ ಸೊಪ್ಪು ತರಲು ಹೋಗಿದ್ದಾಗ ಆಸ್ಪತ್ರೆಯ ಕಾಗದ ಬಂತು. ಮುಂದಿನ ಸೋಮವಾರ ಬಂದು ಸೇರಬೇಕೆಂದು ಬರೆದಿತ್ತು. ತಂಗಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಎದುರಿಗೆ ಬಂದು ಕೂತಳು.

“ಏನಂತಣ್ಣ?”

“ಆಪರೇಷನ್ ಈಗ್ಲೇ ಬೇಡ್ವಂತೆ. ಮಾತ್ರೆ ನುಂಗ್ತಿರು ಅಂದವ್ರೆ.”

“ಅಷ್ಟುದ್ದ ಬರ್ದು ಇಷ್ಟೇನಾ ಹೇಳಿರೋದು?”

“ಡಾಕ್ಟ್ರು ಬರೆಯೋದೇ ಹಂಗೆ ಕಣವ್ವ.”

ನಂಬಿದಳು. ಅವ್ವನಿಗೆ ಕಾಗದದ ಮಾತೇ ಎತ್ತಬೇಡ, ಸುಮ್ಮನೆ ಗಾಬರಿಯಾಗುತ್ತಾಳೆ ಎಂದೆ, ಅದಕ್ಕೂ ಒಪ್ಪಿದಳು. ಮದುವೆಯಾದ ಮೇಲೆ ನಾನೇ ಕರೆದುಕೊಂಡು ಹೋದರಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಒಂದೇ ಚಪ್ಪರದಲ್ಲಿ ಎರಡೂ ಮದುವೆ ನಡೆದವು. ಹೊಸ ಸೊಸೆಗೆಂದು ಆ ಮನೆಯಲ್ಲಿ ಬೇರೆ ಮಡಕೆ ಯಾರು ಇಡುತ್ತಾರೆ? ಮಾತ್ರೆ ಕಂಡರೆ ಕೇಳುತ್ತಾರೆ, ಸ್ವಲ್ಪ ದಿನ ಬಿಟ್ಟಿರು ಎಂದು ಹೇಳಿದವನೂ ನಾನೇ.

ಮೂರನೇ ತಿಂಗಳಲ್ಲಿ ಅವಳಿಗೆ ಲಕ್ವ ಹೊಡೆದು ಬಲಗಡೆ ಬಿದ್ದುಹೋಯಿತು, ಮಾತು ನಿಂತಿತು. ಅದೇ ಆಸ್ಪತ್ರೆಗೆ ಎತ್ತಿಕೊಂಡು ಹೋದೆವು. ದೊಡ್ಡ ಡಾಕ್ಟರು ಹಳೆಯ ಚೀಟಿ ನೋಡಿ, “ಏನಪ್ಪಾ, ಬಂದು ಸೇರಿ ಅಂತ ಕಾಗದ ಬರೆದಿದ್ವಲ್ಲ, ಯಾಕೆ ಕರ್ಕೊಂಡು ಬರ್ಲಿಲ್ಲ?” ಎಂದರು.

ಅವಳಿಗೆ ಕಿವಿ ಚೆನ್ನಾಗಿ ಕೇಳುತ್ತಿತ್ತು. ಎಡಗೈಯಲ್ಲಿ ನನ್ನ ಅಂಗಿಯ ತುದಿ ಹಿಡಿದಿದ್ದಳು. ಸುತ್ತ ಅವ್ವ, ಭಾವ, ನನ್ನ ಹೆಂಡತಿ ನಿಂತಿದ್ದರು.

“ಕಾಗದವೇ ಬರ್ಲಿಲ್ಲ ಸ್ವಾಮಿ,” ಎಂದೆ.

ಅಂಗಿ ಹಿಡಿದ ಬೆರಳು ಬಿಟ್ಟಿತು.

ಆಮೇಲೆ ಹನ್ನೊಂದು ದಿನ ಬದುಕಿದ್ದಳು. ಅವ್ವ ಗಂಜಿ ಕುಡಿಸಿದರೆ ಕುಡಿಯುತ್ತಿದ್ದಳು. ನಾನು ಲೋಟ ಹಿಡಿದರೆ ಬಾಯಿ ತೆರೆಯುತ್ತಿರಲಿಲ್ಲ.