ತಟ್ಟೆ ಖಾಲಿ ಬಂದ ಭಾನುವಾರ

ಬೆಳಕು ಹರಿಯುವ ಮೊದಲೇ ಪುಣೆಯ ನಾನಾ ಪೇಠದ ವಾಡೆಯೊಂದರ ಮೂಲೆಯಲ್ಲಿರುವ ಒಂಟಿ ಕೋಣೆಯ ಖೋಲಿಯಿಂದ ಬೀಸುವ ಕಲ್ಲಿನ ಸದ್ದು ಕೇಳುತ್ತದೆ. ಶನಿವಾರ. ರುದ್ರವ್ವ ಎಡಗೈಯಿಂದ ಕಾಳು ಸುರಿಯುತ್ತಾಳೆ, ಬಲಗೈಯಿಂದ ಗೂಟ ತಿರುಗಿಸುತ್ತಾಳೆ. ಕಲ್ಲಿನ ಸುತ್ತ ಉದುರುತ್ತಿರುವುದು ಗೋದಿ ಹಿಟ್ಟು. ದಂಡಿನ ಪ್ರದೇಶವಾದ ಲಷ್ಕರದ ದೊಡ್ಡ ಮನೆಯೊಂದರದು, ಕೂಲಿಗೆ ಬೀಸುತ್ತಿರುವುದು. ಆಕೆಗೆ ಬೇಕಾಗಿರುವುದೂ ಗೋದಿಯೇ, ಒಂದೇ ಒಂದು ಬೊಗಸೆ. ಆದರೆ ಆಕೆಯ ಡಬ್ಬಿಯಲ್ಲಿ ಒಂದು ಕಾಳೂ ಇಲ್ಲ.

ನಾಳೆ ತಿಂಗಳ ಮೊದಲ ಭಾನುವಾರ. ಓಣಿಯ ಕೊನೆಯ ಪ್ರಾರ್ಥನಾ ಮಂದಿರದಲ್ಲಿ ಕರ್ತನ ಭೋಜನ. ಯೇಸು ಸಾಯುವ ಮುನ್ನ ಶಿಷ್ಯರೊಡನೆ ಉಂಡ ಊಟದ ನೆನಪಿಗೆ ಕನ್ನಡ ಸಭೆಯ ಅರವತ್ತು ಜನ ಒಂದೊಂದು ಚೂರು ರೊಟ್ಟಿ ತಿನ್ನುತ್ತಾರೆ. ಇಪ್ಪತ್ತೆರಡು ವರ್ಷಗಳಿಂದ ಆ ಗೋದಿ ರೊಟ್ಟಿ ಬರುತ್ತಿರುವುದು ಈ ಖೋಲಿಯಿಂದ. ಭಾನುವಾರ ಒಲೆ ಹಚ್ಚಬಾರದೆಂಬುದು ರುದ್ರವ್ವನ ನೇಮ, ಅದಕ್ಕೇ ಶನಿವಾರವೇ ಸುಟ್ಟಿಡುತ್ತಾಳೆ. ಹಂಚಿ ಉಳಿದ ಚೂರುಗಳು ಹಿತ್ತಾಳೆ ತಟ್ಟೆಯ ಜೊತೆ ಆಕೆಗೇ ವಾಪಸು ಬರುತ್ತವೆ. ಆ ಸಂಜೆಯ ಊಟ ಅದೇ.

ರುದ್ರವ್ವ ಬೆಟಗೇರಿಯ ನೇಕಾರರ ಮನೆಯ ಹೆಣ್ಣುಮಗಳು. ಗಂಡ ಈರಬಸಪ್ಪ ಖಡಕಿಯ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತೆಂದು ಪುಣೆಗೆ ಕರೆತಂದ. ಇನ್‌ಫ್ಲುಯೆಂಜಾದ ವರ್ಷ ಎರಡು ಮಕ್ಕಳು ಒಂದೇ ವಾರದಲ್ಲಿ ಹೋದವು. ಆಸ್ಪತ್ರೆಯಲ್ಲಿ ತನ್ನನ್ನು ಬದುಕಿಸಿದ ಮಿಶನ್ ದಾದಿಯ ಹಿಂದೆ ಹೋಗಿ ಆಕೆ ದೀಕ್ಷಾಸ್ನಾನ ಪಡೆದಳು. ಮಾರ್ಥಾ ಎಂಬ ಹೊಸ ಹೆಸರು ಸಭೆಯ ಪುಸ್ತಕದಲ್ಲಿದೆ. ಜನರ ಬಾಯಲ್ಲಿ ಮಾತ್ರ ರುದ್ರವ್ವನೇ. ಈರಬಸಪ್ಪ ತೀರಿಕೊಂಡು ಹನ್ನೊಂದು ವರ್ಷ. ಆಗ ಹದಿನಾಲ್ಕು ಮನೆಗಳಿಗೆ ಬೀಸುತ್ತಿದ್ದವಳು, ಗಿರಣಿಗಳು ಬಂದ ಮೇಲೆ ಈಗ ನಾಲ್ಕು ಮನೆಗಳಿಗೆ ಬೀಸುತ್ತಾಳೆ.

"ಮೊದಮೊದಲ ಎಲ್ಲಾ ತಿಳೀತಿತ್ರಿ," ಎನ್ನುತ್ತಾಳೆ. "ಬೇಡಿದ್ರ ದೇವರು ಕೊಡ್ತಾನ, ಕೊಡಲಿಲ್ಲಂದ್ರ ನಂದ ತಪ್ಪು. ಈಗ ಏನೂ ತಿಳಿಯವಲ್ದು. ಆದ್ರ ಆಗ ಅವಂಗ ಹೆದರ್ತಿದ್ದೆ. ಈಗ ಜಗಳಾಡ್ತೇನಿ."

ಎರಡನೆಯ ಮಹಾಯುದ್ಧದ ಈ ಐದನೆಯ ವರ್ಷದಲ್ಲಿ ಜಗಳಕ್ಕೆ ಕಾರಣಗಳಿಗೇನೂ ಬರವಿಲ್ಲ. ರೇಷನ್ನಿನಲ್ಲಿ ಸಿಗುವ ತುಸು ಗೋದಿಯಲ್ಲಿ ದಿನಕ್ಕೊಂದು ಚಿಟಿಕೆ ಎತ್ತಿಟ್ಟು ಆಕೆ ಕರ್ತನ ಪಾಲು ಕೂಡಿಸುತ್ತಾಳೆ. ಈ ತಿಂಗಳೂ ಕೂಡಿಸಿದ್ದಳು. ಗುರುವಾರ ಪಕ್ಕದ ಖೋಲಿಯ ರಂಗೂಬಾಯಿ ಬಾಗಿಲಿಗೆ ಬಂದಳು. ಆಕೆಯ ಮಗಳು ಹೆತ್ತು ನಾಲ್ಕು ದಿನ. ಬಾಣಂತಿಗೆ ಗಂಜಿ ಕಾಸಲು ಮನೆಯಲ್ಲಿ ಗೋದಿಯಿಲ್ಲ. "ರುದ್ರಾಬಾಯಿ, ಮೂಠಭರ ಗಹೂ ಆಹೇತ ಕಾ?" ಎಂದು ಕೇಳಿದಳು, ಒಂದೇ ಹಿಡಿ ಗೋದಿ.

"ನಾ ಇಲ್ಲ ಅನ್ನಾಕಂತನ ಬಾಯಿ ತೆರೆದೆ," ರುದ್ರವ್ವ ಕಲ್ಲು ನಿಲ್ಲಿಸುತ್ತಾಳೆ. "ಅಷ್ಟೊತ್ತಿಗೆ ಕೈ ಡಬ್ಬಿ ಕೊಟ್ಟಬಿಟ್ಟಿತ್ತು. ಕರ್ತಂದು ತಗದು ಆಕಿಗೆ ಕೊಟ್ಟೆನೋ, ಅವನ ಆಕಿ ರೂಪದಾಗ ಬಂದು ಇಸಗೊಂಡನೋ. ಎರಡ ದಿನಾತು, ನಿದ್ದಿಲ್ಲ."

ಲಷ್ಕರದ ಹಿಟ್ಟಿನಲ್ಲಿ ಒಂದು ಬೊಗಸೆ ಕಡಿಮೆಯಾದರೆ ಯಾರಿಗೂ ಗೊತ್ತಾಗುವುದಿಲ್ಲ. ಕಲ್ಲಿನ ಸಂದಿಯಲ್ಲಿ ಉಳಿದ ಹಿಟ್ಟಂತೂ ವಾಡಿಕೆಯ ಪ್ರಕಾರ ಬೀಸಿದವಳದ್ದೇ. ಇವತ್ತು ಅದನ್ನೂ ಬಟ್ಟೆಯಿಂದ ಒರೆಸಿ ಅವರ ಡಬ್ಬಕ್ಕೆ ಹಾಕುತ್ತಾಳೆ. "ಒಂದ ಚಿಟಿಕಿ ತಗೊಂಡ್ರ ಅದ ಬೊಗಸಿ ಆಗತದ್ರಿ. ನನ್ನ ಕೈ ನನಗ ಗೊತ್ತದ."

ಆಕೆಯ ಪಾಲಿಗೆ ಉಳಿದದ್ದು ಜೋಳ, ಅದನ್ನೇ ಬೀಸಿಕೊಳ್ಳುತ್ತಾಳೆ. ಬಿಸಿನೀರು ಸುರಿದು ನಾದಿ, ತಟ್ಟಿ, ಹಂಚಿಗೆ ಹಾಕುತ್ತಾಳೆ. ಪ್ರತಿ ರೊಟ್ಟಿಗೂ ಮಾಡುವ ಪ್ರಾರ್ಥನೆ ಇವತ್ತು ನಡುವೆಯೇ ನಿಂತುಬಿಡುತ್ತದೆ. ಏನು ಹೇಳಿ ಮುಗಿಸಬೇಕೋ ತಿಳಿಯದೆ ರೊಟ್ಟಿ ತಿರುವಿ ಹಾಕುತ್ತಾಳೆ.

ಭಾನುವಾರ ಬೆಳಿಗ್ಗೆ ಮಂದಿರದ ಬಾಗಿಲಲ್ಲೇ ಪಾಸ್ಟರ್ ಸಾಮುವೇಲ ಅವರನ್ನು ತಡೆದು ನಿಲ್ಲಿಸುತ್ತಾಳೆ. ಅವರು ಈ ರೊಟ್ಟಿ ಬೇಡವೆಂದರೆ ಈ ತಿಂಗಳು ಭೋಜನವೇ ಇಲ್ಲ. ಬಹುಶಃ ಮುಂದಿನ ತಿಂಗಳಿಂದ ತಟ್ಟೆ ಬೇರೆಯವರ ಮನೆಗೆ.

"ಅಯ್ನೋರ, ಇದು ಗೋದೀದಲ್ರಿ. ಜ್ವಾಳದ್ದು."

"ಗೋದಿ ಎಲ್ಲಿ ಹೋತು?"

"ಬಾಣಂತಿ ಹೊಟ್ಟಿಗೆ."

ಹಿಂದೆ ನಿಂತ ಸಭೆಯ ಹಿರಿಯಳಾದ ಭೀಮವ್ವ ಸುಮ್ಮನಿರುತ್ತಾಳೆಯೇ? "ಯವ್ವಾ, ಹಂಗಾರ ಕರ್ತನ ಮೇಜಿನ ಮ್ಯಾಲೆ ರೊಟ್ಟಿ ಜೋಡಿ ಹಚ್ಕೊಳ್ಳಾಕ ಪುಂಡಿಪಲ್ಯನೂ ಇಟ್ಟಬಿಡು!"

ಪಾಸ್ಟರ್ ನಗುವುದಿಲ್ಲ. ಅರಿವೆ ಸರಿಸಿ ರೊಟ್ಟಿ ನೋಡುತ್ತಾರೆ, ಮತ್ತೆ ಮುಚ್ಚುತ್ತಾರೆ. "ನಡೀತದೋ ಇಲ್ಲೋ, ನನಗೂ ತಿಳಿಯವಲ್ದು ರುದ್ರವ್ವ," ಎನ್ನುತ್ತಾರೆ. ಆಮೇಲೆ ತಟ್ಟೆಯನ್ನು ತಾವೇ ಒಳಗೆ ಒಯ್ಯುತ್ತಾರೆ.

ಒಂದು ದಿನ ಹಳೆಯದಾದ ಜೋಳದ ರೊಟ್ಟಿ ಮೆತ್ತಗೆ ಹರಿಯುವುದಿಲ್ಲ. ಟಕ್ಕನೆ ಮುರಿದ ಸದ್ದು ಕೊನೆಯ ಸಾಲಿನಲ್ಲಿ ತಲೆ ತಗ್ಗಿಸಿ ಕೂತ ರುದ್ರವ್ವನಿಗೂ ಕೇಳಿಸುತ್ತದೆ. ಮುರಿದದ್ದೆಲ್ಲ ಪುಡಿಪುಡಿ. ಜನ ಎರಡೂ ಕೈ ಜೋಡಿಸಿ ಬೊಗಸೆಯೊಡ್ಡುತ್ತಾರೆ. ಭೀಮವ್ವ ಅಂಗೈಗೆ ಅಂಟಿದ ಪುಡಿಯನ್ನು ನಾಲಿಗೆಯಿಂದ ತೆಗೆದುಕೊಳ್ಳುವುದನ್ನು ರುದ್ರವ್ವ ಕಣ್ಣಾರೆ ಕಾಣುತ್ತಾಳೆ.

ಸೋಮವಾರ ನಸುಕಿಗೆ ಕಲ್ಲು ಮತ್ತೆ ತಿರುಗುತ್ತಿದೆ. ಹಿತ್ತಾಳೆ ತಟ್ಟೆ ತೊಳೆದು ಗೋಡೆಗೆ ಒರಗಿಸಿಟ್ಟಿದೆ. ಮುಂದಿನ ತಿಂಗಳೂ ನೀನೇ ಮಾಡಬೇಕೆಂದು ಪಾಸ್ಟರ್ ಹೇಳಿ ಕಳಿಸಿದ್ದಾರೆ. ಡಬ್ಬಿಯಲ್ಲಿ ಹೊಸ ರೇಷನ್ನಿನ ಮೊದಲ ಚಿಟಿಕೆ ಗೋದಿ ಬಿದ್ದಿದೆ.

ಮಾಡಿದ್ದು ಸರಿಯಾಯಿತೇ ಎಂದರೆ ಆಕೆ ತಲೆ ಅಲ್ಲಾಡಿಸುತ್ತಾಳೆ; ಹೌದೆಂದೋ ಅಲ್ಲವೆಂದೋ ಹೇಳುವುದು ಕಷ್ಟ.

"ಕೇಳೇನ್ರಿ ಕರ್ತಂಗ. ಇನ್ನೂ ಏನೂ ಅಂದಿಲ್ಲ." ಒಂದು ಹಿಡಿ ಕಾಳು ಕಲ್ಲಿನ ಬಾಯಿಗೆ ಬೀಳುತ್ತದೆ. "ಇಪ್ಪತ್ತೆರಡು ವರ್ಷದಾಗ ತಟ್ಟಿ ಒಮ್ಮೆನೂ ಖಾಲಿ ಬಂದಿದ್ದಿಲ್ಲ. ನಿನ್ನಿ ಬಂತು. ಮಂದಿ ಹಸದಿದ್ರೋ, ಭಕ್ತಿನೋ, ನನಗ ತಿಳೀಲಿಲ್ಲ. ನಾ ಮಾತ್ರ ರಾತ್ರಿ ಉಪಾಸ ಮಲಗಿದೆ. ಭಾಳ ದಿವಸಕ್ಕ ಛಲೋ ನಿದ್ದಿ ಹತ್ತಿತ್ರಿ."